ಗೋಡೆಯೊಳಗಿನ ಶಿಳ್ಳೆ

ನಮ್ಮ ದೊಡ್ಡಮ್ಮ ಯಾರ ಮನೆಗೆ ಹೋದರೂ ಆ ಮನೆಯ ಹಿರಿಯರ ಬೆನ್ನ ಹಿಂದೆ ನಿಂತು ಏನಾದರೊಂದು ಪಿಸುಗುಟ್ಟುತ್ತಿದ್ದಳು. "ಚಹಾ ಆಯ್ತಾ?" ಅಂತಲೋ, "ಸೊಸೆ ಚೆನ್ನಾಗಿ ನೋಡ್ಕೊತಾಳಾ?" ಅಂತಲೋ. ಅವರು ತಿರುಗಿದರೆ ಸರಿ. ತಿರುಗದಿದ್ದರೆ ಸಂಜೆಯೊಳಗೆ ಆ ಮನೆಯವರ ಕೈಗೆ ಕಿವಿ ಡಾಕ್ಟರ ವಿಳಾಸ ಸಿಗುತ್ತಿತ್ತು. "ಸೊಸೆ ವಿಷಯಕ್ಕೆ ಕಿವುಡರೂ ತಿರುಗ್ತಾರೆ ಕಣಕ್ಕ, ಅದು ಪರೀಕ್ಷೆನೇ ಅಲ್ಲ" ಎಂದು ನನ್ನ ಅಮ್ಮ ನಗುತ್ತಿದ್ದಳು. ದೊಡ್ಡಮ್ಮ ನಗುತ್ತಿರಲಿಲ್ಲ.

ಅವಳು ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸ್. ಮೂರನೇ ಮಹಡಿ, ಗಂಡಸರ ವಾರ್ಡು, ಇಪ್ಪತ್ತನಾಲ್ಕು ಮಂಚ. ಅಲ್ಲಿ ಅವಳಿಗೆ ಪಿಸುಪಿಸು ಸಿಸ್ಟರ್ ಎಂಬ ಹೆಸರು ಬಿದ್ದಿತ್ತು. ಹೊಸ ರೋಗಿ ಬಂದ ದಿನವೇ ಅವಳು ಹಿಂದಿನಿಂದ ಒಂದೊಂದು ಕಿವಿಗೆ ಮೂರು ಮೂರು ಅಂಕಿ ಪಿಸುಗುಟ್ಟಿ ತಿರುಗಿ ಹೇಳಿಸುತ್ತಿದ್ದಳು. ಎದುರು ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದಿಸುತ್ತಿದ್ದಳು. ಕಣ್ಣು ಮುಚ್ಚಿಸಿ ಅಂಗಾಲಿಗೆ ಹತ್ತಿಯ ಎಳೆ ತಾಗಿಸಿ, "ಗೊತ್ತಾಯ್ತಾ? ಯಾವ ಕಾಲು?" ಎಂದು ಕೇಳುತ್ತಿದ್ದಳು. ಎಲ್ಲವನ್ನೂ ಕೇಸ್‌ಶೀಟಿನ ಮೂಲೆಯಲ್ಲಿ ಒಂದು ಸಾಲಿನಲ್ಲಿ ಬರೆಯುತ್ತಿದ್ದಳು. ಮೂಳೆ ಮುರಿದು ಬಂದವನಿಗೆ ಕಿವಿಯ ವಿಚಾರ ಯಾಕೆಂದು ಜೊತೆಯವರು ಕೇಳಿದರೆ, "ಬಂದ ದಿನ ಏನಿತ್ತು ಅಂತ ಗೊತ್ತಿಲ್ದೆ ಇದ್ರೆ, ನಾಳೆ ಏನು ಕಳೀತು ಅಂತ ಹೆಂಗೆ ಹುಡುಕ್ತೀಯ?" ಎನ್ನುತ್ತಿದ್ದಳು.

ಈ ಅಭ್ಯಾಸದ ಹಿಂದೆ ಒಂದು ಕಥೆ ಇತ್ತು. ಕೆಲಸಕ್ಕೆ ಸೇರಿದ ಮೂರನೇ ವರ್ಷ ಹೆಂಗಸರ ವಾರ್ಡಿನಲ್ಲಿ ಒಬ್ಬ ಮುದುಕಿ ಇದ್ದಳಂತೆ, ಬಟ್ಟೆ ಒಗೆದು ಬದುಕಿದವಳು. ಮೊದಲ ವಾರ ವಾರ್ಡಿನ ತುಂಬ ಅವಳದೇ ಮಾತು. ಎರಡನೇ ವಾರ ಕೂಗಿದರೂ ತಿರುಗಲಿಲ್ಲ, ಮಾತ್ರೆ ನುಂಗು ಅಂದರೆ ಸುಮ್ಮನೆ ಮುಖ ನೋಡಿದಳು. ದೊಡ್ಡಮ್ಮ ರಿಪೋರ್ಟ್ ಪುಸ್ತಕದಲ್ಲಿ ಬರೆದಳು: 'ಹೇಳಿದ ಮಾತು ಕೇಳುವುದಿಲ್ಲ, ಹಟ ಮಾಡುತ್ತಾಳೆ.' ಮಾತು ಕೇಳುವುದಿಲ್ಲ ಎಂಬುದು ಅಕ್ಷರಶಃ ನಿಜವಾಗಿತ್ತು. ದಿನಕ್ಕೆ ಮೂರು ಸಲ ರಕ್ತಕ್ಕೆ ಹೋಗುತ್ತಿದ್ದ ಇಂಜೆಕ್ಷನ್ನು ಅವಳ ಎರಡೂ ಕಿವಿಯನ್ನು ತಿಂದುಹಾಕಿತ್ತು. ಮನೆಗೆ ಹೋಗುವ ದಿನ ಮೊಮ್ಮಗಳು ಬಂದು ಕೈ ಹಿಡಿದು ಏನೇನೋ ಹೇಳಿದಳು. ಮುದುಕಿ ಅವಳ ತುಟಿಗಳನ್ನು ನೋಡುತ್ತಾ ನಗುತ್ತಲೇ ಇದ್ದಳು. ಆ ಸಾಲು ತನ್ನದೇ ಕೈಬರಹದಲ್ಲಿತ್ತು ಎಂದು ದೊಡ್ಡಮ್ಮ ನಮಗೆ ಹೇಳಿದ್ದು ಒಂದೇ ಸಲ.

ಈಗ ಹೇಳಹೊರಟಿರುವುದು ಅದಾಗಿ ಇಪ್ಪತ್ತೈದು ವರ್ಷದ ನಂತರದ್ದು.

ಬಸ್ ಡಿಪೋದ ವರ್ಕ್‌ಶಾಪಿನಿಂದ ಒಬ್ಬ ಮೇಸ್ತ್ರಿಯನ್ನು ಕರೆತಂದರು. ಜ್ಯಾಕ್ ಜಾರಿ ಬಸ್ಸಿನ ಗೇರ್‌ಬಾಕ್ಸು ಕಾಲಿನ ಮೇಲೆ, ಮೊಣಕಾಲಿನ ಕೆಳಗೆ, ಕುಳಿತುಬಿಟ್ಟಿತ್ತು. ಆಪರೇಷನ್ ಮಾಡಿ ಹೊರಗಿನಿಂದ ರಾಡು ಜೋಡಿಸಿದರು. ಆದರೆ ಗಾಯಕ್ಕೆ ಗ್ರೀಸು, ಮಣ್ಣು ಹೋಗಿ ಮೂಳೆಗೆ ಸೋಂಕು ಹತ್ತಿತು. ಬೇರೆ ಔಷಧಿಗಳು ನಾಟದೆ, ಸರ್ಜನ್ ಆ ಮುದುಕಿಗೆ ಕೊಟ್ಟಂಥದ್ದೇ ಗಟ್ಟಿ ಇಂಜೆಕ್ಷನ್ ಬರೆದರು: ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು.

ಮೇಸ್ತ್ರಿಗೆ ಐವತ್ತು ದಾಟಿತ್ತು. ಬಾಯಿಬಡುಕ, ನಗಿಸುವವ. ಡಿಪೋದಲ್ಲಿ ಅವನ ಕಿವಿ ಹೆಸರುವಾಸಿ. ಎಂಜಿನ್ ಓಡುತ್ತಿರುವಾಗಲೇ ಕಬ್ಬಿಣದ ಸರಳಿನ ಒಂದು ತುದಿ ಅದಕ್ಕೆ ಊರಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ, ಯಾವ ಬೇರಿಂಗು ಸವೆದಿದೆ ಎಂದು ಹೇಳಿಬಿಡುತ್ತಿದ್ದನಂತೆ. ಬಂದ ದಿನ ದೊಡ್ಡಮ್ಮ ಹಿಂದೆ ನಿಂತು "ಏಳು, ಎರಡು, ಒಂಬತ್ತು" ಎಂದು ಪಿಸುಗುಟ್ಟಿದರೆ ಥಟ್ಟನೆ ಹೇಳಿ, "ಸಿಸ್ಟ್ರೇ, ನಿಮ್ಮ ಎಡಗಾಲಿನ ಚಪ್ಪಲಿ ಅಂಟು ಬಿಟ್ಟಿದೆ. ನಡೆಯೋ ಸದ್ದಲ್ಲೇ ಗೊತ್ತಾಗುತ್ತೆ" ಎಂದನು. ಬಗ್ಗಿ ನೋಡಿದರೆ ಹೌದು, ಬಿಟ್ಟಿತ್ತು. ಅವಳು ಕೇಸ್‌ಶೀಟಿನಲ್ಲಿ ಬರೆದಳು: 'ಎರಡೂ ಕಿವಿ ಚುರುಕು.'

ಇಂಜೆಕ್ಷನ್ ಶುರುವಾಗಿ ಏಳು ದಿನವಾದಾಗ ದೊಡ್ಡಮ್ಮನಿಗೆ ಮೂರು ದಿನ ರಜೆ ಬಂತು. ನಮ್ಮ ಮನೆಗೇ ಬಂದಿದ್ದಳು, ಅಮ್ಮನ ಕಣ್ಣಿನ ಆಪರೇಷನ್ನಿಗೆ. ನಾಲ್ಕನೇ ದಿನ ಬೆಳಿಗ್ಗೆ ಏಳೂವರೆಗೆ ವಾರ್ಡಿನಲ್ಲಿದ್ದಳು.

ಡ್ಯೂಟಿ ಬದಲಾಗುವಾಗ ಹೋಗುವವರು ಬರುವವರಿಗೆ ಒಂದೊಂದು ಮಂಚದ ಸಮಾಚಾರ ಓದಿ ಹೇಳಬೇಕು. ಆ ವರ್ಷವಷ್ಟೇ ಸೇರಿದ್ದ ಹುಡುಗಿ ಆಕಳಿಸುತ್ತಾ ಓದುತ್ತಿದ್ದಳು. ಹನ್ನೊಂದನೇ ಮಂಚಕ್ಕೆ ಬಂದಾಗ, "ಮೇಸ್ತ್ರಿ. ಜ್ವರ ಇಲ್ಲ. ಗಾಯ ಪರವಾಗಿಲ್ಲ. ಆದ್ರೆ ಎರಡು ದಿನದಿಂದ ಸಹಕರಿಸ್ತಿಲ್ಲ, ಕೇಳಿದ್ದೊಂದು ಹೇಳೋದೊಂದು" ಎಂದು ಮುಂದಕ್ಕೆ ಹೋದಳು.

ದೊಡ್ಡಮ್ಮ ಪುಸ್ತಕದ ಮೇಲೆ ಕೈಯಿಟ್ಟು ಅವಳನ್ನು ತಡೆದಳು.

"ಏನಂದೆ? ಇನ್ನೊಂದ್ಸಲ ಓದು."

ಹುಡುಗಿ ಓದಿದಳು. "ಊಟ ಆಯ್ತಾ ಅಂದ್ರೆ ನೋವು ಕಡಿಮೆ ಅಂತಾರೆ ಅಕ್ಕಾ. ಪಕ್ಕದ ಮಂಚದವರೆಲ್ಲ ನಗಾಡ್ತಾರೆ. ಬೇಕಂತಲೇ ಮಾಡ್ತಾರೇನೋ, ತಮಾಷೆ ಮನುಷ್ಯ ಅಲ್ವಾ?"

ಆಗಲೇ ಹನ್ನೊಂದನೇ ಮಂಚಕ್ಕೆ ಹೋಗಬೇಕಿತ್ತು. ಅಷ್ಟರಲ್ಲಿ ರಸ್ತೆ ಅಪಘಾತದ ಮೂವರನ್ನು ಒಟ್ಟಿಗೇ ಮೇಲಕ್ಕೆ ತಂದರು. ರಕ್ತ, ಡ್ರಿಪ್ಪು, ಎಕ್ಸ್‌ರೇ, ಬಾಗಿಲಲ್ಲಿ ಅಳುವವರು. ದೊಡ್ಡಮ್ಮ ಒಬ್ಬನ ತೋಳಿಗೆ ಪಟ್ಟಿ ಸುತ್ತುತ್ತಾ ವಾರ್ಡಿನ ಆ ತುದಿಗೆ ಕಣ್ಣು ಹಾಯಿಸಿದಳು. ಮೇಸ್ತ್ರಿ ಗೋಡೆಗೆ ಕೆನ್ನೆಯಿಟ್ಟು ಕುಳಿತಿದ್ದ. ಮತ್ತೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದ. ಅವಳ ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಮಾತ್ರ ಗಡಿಯಾರದ ಮೇಲಿತ್ತು. ಬಿಡುವಾದಾಗ ಹನ್ನೆರಡೂ ನಲವತ್ತು. ಮುಂದಿನ ಡೋಸಿಗೆ ಇನ್ನು ಒಂದು ಗಂಟೆ ಇಪ್ಪತ್ತು ನಿಮಿಷ.

ಮೇಸ್ತ್ರಿಯ ಹೆಂಡತಿ ಪಕ್ಕದಲ್ಲಿ ಸ್ಟೂಲಿನ ಮೇಲಿದ್ದಳು. "ಬನ್ನಿ ಸಿಸ್ಟರ್, ನೀವಾದ್ರೂ ಹೇಳಿ. ಇವ್ರಿಗೆ ಗೋಡೆಯೊಳಗೆ ಪೈಪು ಲೀಕಾಗ್ತಿದೆಯಂತೆ. ನಿನ್ನೆ ಪ್ಲಂಬರ್‌ನ ಕರೆಸಿ ಜಗಳ ಆಡಿದ್ದಾರೆ" ಎಂದಳು.

ದೊಡ್ಡಮ್ಮ ಎದುರಿಗೆ ನಿಂತು, ತುಟಿ ಕಾಣುವಂತೆ ನಿಧಾನವಾಗಿ ಕೇಳಿದಳು: "ಏನ್ ಮೇಸ್ತ್ರೀ, ಎಲ್ಲಿ ಲೀಕು?"

"ಇಲ್ಲೇ ಸಿಸ್ಟ್ರೇ. ಆಕ್ಸಿಜನ್ ಪೈಪು. ಸಣ್ಣಗೆ ಶಿಳ್ಳೆ ಹೊಡೀತಿದೆ, ಮೂರು ದಿನ ಆಯ್ತು. ಆ ಪ್ಲಂಬರ್ ಒಬ್ಬ ಪೆದ್ದ, ಏನೂ ಕೇಳ್ಸಲ್ಲ ಅಂತಾನೆ. ನನ್ನ ಕಿವಿಗೆ ಸುಳ್ಳು ಹೇಳ್ತಾನಾ?" ಅವನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಅವಳು ತನ್ನ ಎರಡೂ ಅಂಗೈಗಳನ್ನು ಅವನ ಕಿವಿಗಳ ಮೇಲೆ ಒತ್ತಿ ಹಿಡಿದಳು. ಹುಬ್ಬೆತ್ತಿ, ಈಗ ಹೇಗೆ ಎಂಬಂತೆ ಸನ್ನೆ ಮಾಡಿದಳು.

ಮೇಸ್ತ್ರಿಯ ಮುಖದಲ್ಲಿದ್ದ ನಗು ಮೊದಲು ಹಾಗೇ ಇತ್ತು. ಆಮೇಲೆ ಒಂದು ಕಡೆಯಿಂದ ಇಳಿಯತೊಡಗಿತು. ಎಂಜಿನ್ನಿನ ಕಾಯಿಲೆ ಹಿಡಿಯುವವನಿಗೆ ಇದು ಅರ್ಥವಾಗದೆ ಇರುತ್ತದೆಯೇ?

"ಇನ್ನೂ ಜೋರಾಯ್ತು," ಎಂದನು ಮೆಲ್ಲಗೆ. "ಸಿಸ್ಟ್ರೇ, ಇದು ಗೋಡೇದಲ್ಲ."

ಅವಳು ಹಿಂದೆ ಸರಿದು ಬಲಗಿವಿಗೆ ಮೂರು ಅಂಕಿ ಪಿಸುಗುಟ್ಟಿದಳು. ಒಂದು ಸರಿ, ಎರಡು ತಪ್ಪು. ಎಡಗಿವಿಗೆ ಪಿಸುಗುಟ್ಟಿದಳು. ಅವನು ಕಾಯುತ್ತಲೇ ಇದ್ದ. "ಹೇಳಿ ಸಿಸ್ಟ್ರೇ, ಹೇಳಿ" ಎಂದ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಕ್ಯಾಲೆಂಡರ್ ಓದಿಸಿದಳು. ತಲೆ ನೆಟ್ಟಗಿದ್ದಾಗ ಓದಿದ. ಬೇಡ ಬೇಡ ಅನ್ನುವ ಹಾಗೆ ತಲೆ ಆಡಿಸುತ್ತಾ ಓದಿ ಎಂದಾಗ, ಅಕ್ಷರ ಕುಣಿಯುತ್ತಿವೆ ಎಂದ. "ನಿನ್ನೆ ಮುಖ ತೊಳೆಯೋಕೆ ಗಾಲಿಕುರ್ಚಿಲಿ ಕೂತೋರು ಸೋಪು ಹಚ್ಚಿ ಕಣ್ಣು ಮುಚ್ಚಿದ್ದೇ ತಡ, ಮುಂದಕ್ಕೆ ಮುಗ್ಗರಿಸಿದ್ರು. ನಿಶ್ಶಕ್ತಿ ಅಂದ್ಕೊಂಡೆ" ಎಂದಳು ಹೆಂಡತಿ. ಕಿವಿಯ ಒಳಗೇ ಮೈಯ ಸಮತೋಲವೂ ಇದೆ, ಅದೂ ಸಡಿಲವಾಗುತ್ತಿದೆ ಎಂದು ದೊಡ್ಡಮ್ಮನಿಗೆ ಖಾತ್ರಿಯಾಯಿತು. ಮೂತ್ರದ ಅಳತೆಯ ಹಾಳೆ ತೆಗೆದು ನೋಡಿದಳು. ನಾಲ್ಕು ದಿನದಿಂದ ಇಳಿಯುತ್ತಲೇ ಬಂದಿತ್ತು. ಮೂತ್ರಪಿಂಡ ಸೋತರೆ ಔಷಧಿ ಹೊರಗೆ ಹೋಗದೆ ಮೈಯಲ್ಲೇ ಉಳಿದು ಕಿವಿಗೆ ಇನ್ನಷ್ಟು ವಿಷವಾಗುತ್ತದೆ.

ಗಂಟೆ ಒಂದೂ ಹತ್ತು. ಸರ್ಜನ್ ಆಪರೇಷನ್ ಥಿಯೇಟರಿನಲ್ಲಿದ್ದರು, ನಾಲ್ಕರ ತನಕ ಹೊರಗೆ ಬರುವ ಹಾಗಿಲ್ಲ. ವಾರ್ಡಿನಲ್ಲಿದ್ದವನು ಒಬ್ಬ ಕಿರಿಯ ಡಾಕ್ಟರ್. ಎರಡು ದಿನದಿಂದ ಸರಿಯಾಗಿ ನಿದ್ದೆ ಮಾಡದ ಕಣ್ಣು. ಅವನು ನಿಂತಲ್ಲೇ ಕೇಳಿಸಿಕೊಂಡು, "ಸಿಸ್ಟರ್, ಅದು ದೊಡ್ಡ ಡಾಕ್ಟರ್ ಬರೆದಿರೋದು. ಇನ್ನು ನಾಲ್ಕು ದಿನ ಇದೆ. ಮಧ್ಯದಲ್ಲಿ ನಿಲ್ಸಿದ್ರೆ ಸೋಂಕು ತಿರುಗಿ ಏಳುತ್ತೆ, ಕಾಲು ಕತ್ತರಿಸಬೇಕಾಗುತ್ತೆ. ಆಗ ಯಾರು ಉತ್ತರ ಕೊಡೋದು?" ಎಂದ.

"ನಿಲ್ಸಿ ಅಂತಿಲ್ಲ ಡಾಕ್ಟ್ರೇ, ಬದಲಾಯಿಸಿ ಅಂತಿದ್ದೀನಿ. ಎರಡು ಗಂಟೆ ಡೋಸು ತಡೆದು, ಥಿಯೇಟರಿಗೆ ಹೋಗಿ ಒಂದು ಮಾತು ಕೇಳಿ."

"ಥಿಯೇಟರಿಗಾ? ಮಧ್ಯದಲ್ಲಿ ಹೋದ್ರೆ ನನ್ನ ಚರ್ಮ ಸುಲೀತಾರೆ. ಸಂಜೆ ರೌಂಡ್ಸಿಗೆ ಹೇಳೋಣ. ಒಂದು ಡೋಸಲ್ಲಿ ಏನು ಮುಳುಗಿಹೋಗುತ್ತೆ?"

ಒಂದು ಡೋಸಿನಲ್ಲಿ ಏನು ಮುಳುಗುತ್ತದೆ ಎಂದು ದೊಡ್ಡಮ್ಮನಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರುವುದಿಲ್ಲ. ಅವಳು ಮೇಸ್ತ್ರಿಯ ಹೆಂಡತಿಯ ಹತ್ತಿರ ಬಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಆಕೆ ಗಂಡನ ಕಾಲು ನೋಡಿದಳು, ಮುಖ ನೋಡಿದಳು. "ಅತ್ತ ದರಿ ಇತ್ತ ಪುಲಿ ಆಯ್ತಲ್ಲ ಸಿಸ್ಟರ್. ಕಾಲು ಹೋದ್ರೆ ನಡೆಯೋ ಹಾಗಿಲ್ಲ, ಕಿವಿ ಹೋದ್ರೆ ಇವ್ರು ಇವ್ರಾಗೇ ಇರಲ್ಲ. ನಾನೇನು ಹೇಳ್ಲಿ? ನೀವಾಗಿದ್ರೆ ಏನ್ ಮಾಡ್ತಿದ್ರಿ?"

ದೊಡ್ಡಮ್ಮ ಮೇಜಿಗೆ ಹೋಗಿ ಕುಳಿತು ಕೇಸ್‌ಶೀಟಿನಲ್ಲಿ ಬರೆದಳು. ಬಂದ ದಿನ ಕಿವಿ ಹೇಗಿತ್ತು, ಇಂದು ಹೇಗಿದೆ, ಎಷ್ಟು ಅಂಕಿಯಲ್ಲಿ ಎಷ್ಟು ತಪ್ಪು, ಶಿಳ್ಳೆಯ ಸದ್ದು ಎಂದಿನಿಂದ, ಮೂತ್ರ ಎಷ್ಟು ಇಳಿದಿದೆ. ಕೊನೆಗೆ: 'ಮಧ್ಯಾಹ್ನ ಎರಡರ ಡೋಸ್ ತಡೆದಿದ್ದೇನೆ. ಡಾಕ್ಟರಿಗೆ ತಿಳಿಸಿದ್ದೇನೆ.' ಕೆಳಗೆ ಸಹಿ, ಸಮಯ ಹಾಕಿದಳು.

ಸುದ್ದಿ ಇನ್‌ಚಾರ್ಜ್ ಸಿಸ್ಟರಿಗೆ ಮುಟ್ಟಿತು. ಆಕೆ ಬಿರುಗಾಳಿಯ ಹಾಗೆ ಬಂದಳು. "ಏನಿದು? ಇಪ್ಪತ್ತೆಂಟು ವರ್ಷ ಸರ್ವಿಸ್ ಮಾಡಿ ಈಗ ಡಾಕ್ಟರ್ ಆಗಿಬಿಟ್ಯಾ? ಬರೆದದ್ದನ್ನ ಕೊಡೋದಷ್ಟೇ ನಮ್ಮ ಕೆಲಸ. ನಾಳೆ ಕಾಲು ಹೋದ್ರೆ ಮೊದಲು ಕೇಳೋದು ನಿನ್ನನ್ನೇ."

"ಕೇಳ್ಲಿ ಮೇಡಂ. ಬರೆದಿದ್ದೀನಿ, ಸಹಿ ಹಾಕಿದ್ದೀನಿ."

"ಹಾಗಾದ್ರೆ ನಾನೇ ಕೊಡ್ತೀನಿ," ಎಂದ ಕಿರಿಯ ಡಾಕ್ಟರ್. ಇಬ್ಬರ ನಡುವೆ ಸಿಕ್ಕಿಕೊಂಡವನ ಸಿಟ್ಟು ಅವನದು. ಸೀಸೆ ಒಡೆದು ಸಿರಿಂಜಿಗೆ ಔಷಧಿ ಎಳೆದುಕೊಂಡು ಹನ್ನೊಂದನೇ ಮಂಚದ ಕಡೆ ಹೊರಟ. ಎರಡು ಗಂಟೆಗೆ ಮೂರು ನಿಮಿಷ ಇತ್ತು.

ದೊಡ್ಡಮ್ಮ ಅಡ್ಡ ನಿಲ್ಲಲಿಲ್ಲ. ಪಕ್ಕದಲ್ಲೇ ನಡೆದಳು. ಮಂಚದ ಹತ್ತಿರ ಬಂದಾಗ, "ಕೊಡಿ ಡಾಕ್ಟ್ರೇ. ಬೇಡ ಅನ್ನೋಕೆ ನಾನ್ಯಾರು? ಕೊಡೋ ಮುಂಚೆ ಒಂದೇ ಒಂದು ಸಲ ಹಿಂದೆ ನಿಂತು ನೀವೇ ಪಿಸುಗುಟ್ಟಿ. ಕೇಳಿಸ್ತು ಅಂದ್ರೆ ನನ್ನ ಬರಹಕ್ಕೆ ನಾನೇ ಗೆರೆ ಎಳೀತೀನಿ" ಎಂದಳು.

ಸಿರಿಂಜನ್ನು ಟ್ರೇಯಲ್ಲಿಟ್ಟು ಅವನು ಮೇಸ್ತ್ರಿಯ ಹಿಂದೆ ನಿಂತ. ಇಡೀ ವಾರ್ಡು ನೋಡುತ್ತಿತ್ತು. ಹತ್ತನೇ ಮಂಚದವನು ನಗಲಿಲ್ಲ. ಡಾಕ್ಟರ್ ಬಗ್ಗಿ ಎಡಗಿವಿಯ ಹತ್ತಿರ ಏನೋ ಹೇಳಿದ. ಮೇಸ್ತ್ರಿ ಕಿಟಕಿ ನೋಡುತ್ತಿದ್ದ. ಡಾಕ್ಟರ್ ಇನ್ನೂ ಹತ್ತಿರ ಬಂದು, ಈ ಸಲ ಹತ್ತಿರ ನಿಂತವರಿಗೂ ಕೇಳುವಷ್ಟು ಪಿಸುದನಿಯಲ್ಲಿ, "ನಿಮ್ಮ ಹೆಂಡತಿ ಅಳ್ತಿದ್ದಾರೆ" ಎಂದ.

ಮೇಸ್ತ್ರಿ ಕಿಟಕಿ ನೋಡುತ್ತಲೇ ಇದ್ದ.

ಕಿರಿಯ ಡಾಕ್ಟರ್ ಟ್ರೇಯನ್ನು ದೊಡ್ಡಮ್ಮನ ಕೈಗೆ ಕೊಟ್ಟು, ಮೆಟ್ಟಿಲನ್ನು ಎರಡೆರಡಾಗಿ ಇಳಿದು ಥಿಯೇಟರಿಗೆ ಓಡಿದ.

ಅರ್ಧ ಗಂಟೆಯ ಮೇಲೆ ಸರ್ಜನ್ ಎರಡು ಆಪರೇಷನ್ನುಗಳ ನಡುವೆ ಹಸಿರು ಬಟ್ಟೆಯಲ್ಲೇ ಬಂದರು, ಮುಖದ ಮಾಸ್ಕು ಕುತ್ತಿಗೆಗೆ ಇಳಿದಿತ್ತು. ದೊಡ್ಡಮ್ಮನ ಡ್ಯೂಟಿ ಮುಗಿದಿತ್ತು, ಅವಳು ಹೋಗಿರಲಿಲ್ಲ. ಸರ್ಜನ್ ಕೇಸ್‌ಶೀಟು ಓದಿದರು. ಹಿಂದಿನ ಹಾಳೆ ತಿರುವಿ, ಬಂದ ದಿನದ 'ಎರಡೂ ಕಿವಿ ಚುರುಕು' ಎಂಬ ಸಾಲಿನ ಮೇಲೆ ಬೆರಳಿಟ್ಟರು.

"ಇದನ್ನ ಬರೆದಿದ್ದು ಯಾರು?"

"ನಾನು ಸರ್."

"ಮೂರು ದಿನದಿಂದ ಶಿಳ್ಳೆ ಕೇಳ್ತಿದೆ ಅಂತ ಇದೆ. ಮೂರು ದಿನ ಯಾರೂ ಯಾಕೆ ಹೇಳ್ಲಿಲ್ಲ?"

ಆ ಹುಡುಗಿಯ ಹೆಸರು ದೊಡ್ಡಮ್ಮನ ನಾಲಿಗೆಯ ತುದಿಯಲ್ಲಿತ್ತು. "ಅವರು ಅದನ್ನ ಪೈಪು ಅಂದ್ಕೊಂಡಿದ್ರು ಸರ್. ನಾವು ತಮಾಷೆ ಅಂದ್ಕೊಂಡ್ವಿ" ಎಂದಳು. ನಾವು ಎಂದೇ ಹೇಳಿದಳು.

ಸರ್ಜನ್ ಹೊಗಳಲಿಲ್ಲ, ಬೈಯಲೂ ಇಲ್ಲ. ಇಂಜೆಕ್ಷನ್ನಿನ ಮೇಲೆ ಅಡ್ಡಗೆರೆ ಎಳೆದರು. ಬೇರೆ ಔಷಧಿ ಬರೆದು, ರಕ್ತ ಪರೀಕ್ಷೆಗೆ ಕಳಿಸಲು ಹೇಳಿ, ಕಿವಿ ಡಾಕ್ಟರನ್ನು ಅಂದೇ ಕರೆಸಿದರು. ರಕ್ತದ ವರದಿ ಸಂಜೆ ಬಂತು. ಮೂತ್ರಪಿಂಡ ಸೋಲುವುದಕ್ಕೆ ಹೊರಟಿತ್ತು. ಮಧ್ಯಾಹ್ನದ ಡೋಸು, ರಾತ್ರಿಯ ಡೋಸು ಎರಡೂ ಹೋಗಿದ್ದರೆ ಡಯಾಲಿಸಿಸ್‌ವರೆಗೂ ಹೋಗಬೇಕಾಗುತ್ತಿತ್ತೇನೋ ಎಂದು ಕಿರಿಯ ಡಾಕ್ಟರ್ ಬಂದು ಹೇಳಿದ. ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ.

ಮೇಸ್ತ್ರಿ 'ಸಹಕರಿಸ್ತಿಲ್ಲ' ಎಂದು ಬರೆದ ಹುಡುಗಿ ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅಳುತ್ತಿದ್ದಳು. ಮನೆಗೆ ಹೋಗಿ ಮಲಗಿದ್ದವಳನ್ನು ಯಾರೋ ಫೋನ್ ಮಾಡಿ ಎಬ್ಬಿಸಿ ಎಲ್ಲ ಹೇಳಿದ್ದರು, ಓಡಿ ಬಂದಿದ್ದಳು. "ನನ್ನಿಂದಾನೇ ಆಗಿದ್ದು ಅಕ್ಕಾ. ನಾನು ನಕ್ಕೆ ಕೂಡ."

ದೊಡ್ಡಮ್ಮ ಅವಳ ಪಕ್ಕ ಬೆಂಚಿನ ಮೇಲೆ ಕುಳಿತು ಬಟ್ಟೆ ಒಗೆಯುವ ಮುದುಕಿಯ ಕಥೆ ಹೇಳಿದಳು. ಸಮಾಧಾನ ಮಾಡುವುದಕ್ಕೆ ಅಲ್ಲ. "ಅತ್ತು ಮುಗಿಸು. ಮುಗಿದ ಮೇಲೆ ಹೋಗಿ ಮೇಸ್ತ್ರಿ ಹತ್ರ ಎದುರಿಗೆ ನಿಂತು ಮಾತಾಡು. ಹಿಂದಿನಿಂದ ಬೇಡ. ಅವರಿಗೆ ಇನ್ಮೇಲೆ ಜನರ ಮುಖ ಬೇಕು" ಎಂದಳು.

ಆದರೆ ಎಲ್ಲ ಸುಖವಾಗಿ ಮುಗಿಯಲಿಲ್ಲ. ಕಾಲು ಉಳಿಯಿತು, ಇನ್ನೆರಡು ಆಪರೇಷನ್ನಿನ ನಂತರ, ಒಂದಿಷ್ಟು ಗಿಡ್ಡವಾಗಿ. ಮೈಯ ತೂಗಾಟ ಆರು ತಿಂಗಳಲ್ಲಿ ಹತೋಟಿಗೆ ಬಂತು. ಕಿವಿಯಲ್ಲಿ ಎದುರಿಗಿದ್ದವರ ಮಾತು ಉಳಿಯಿತು. ತೆಳುವಾದ, ಮೇಲುಸ್ಥಾಯಿಯ ಸದ್ದುಗಳು ಮಾತ್ರ ಹೋದವು ಹೋದವೇ. ವಾರ್ಡಿನಿಂದ ಹೊರಡುವ ಮುಂಚಿನ ದಿನ ಮೇಸ್ತ್ರಿ ದೊಡ್ಡಮ್ಮನನ್ನು ಕರೆದು ಕೇಳಿದ, "ಸಿಸ್ಟ್ರೇ, ನೀವು ಆ ಮೂರು ದಿನ ಎಲ್ಲಿಗೆ ಹೋಗಿದ್ರಿ?"

"ತಂಗಿ ಮನೆಗೆ. ಅವಳ ಕಣ್ಣಿನ ಆಪರೇಷನ್ ಇತ್ತು."

"ಅವರಿಗೆ ಕಣ್ಣು ಬಂತಾ?"

"ಬಂತು."

ಅವನು ತಲೆಯಾಡಿಸಿದ. ಕೋಪವಿರಲಿಲ್ಲ, ಉಪಕಾರ ಸ್ಮರಣೆಯೂ ಇರಲಿಲ್ಲ. ಅವತ್ತು ಸಂಜೆ ಅವಳು ನಮ್ಮ ಮನೆಗೆ ಬಂದು ಊಟ ಬೇಡವೆಂದು ಮಲಗಿಬಿಟ್ಟಳು. ಅಮ್ಮ ಬಾಗಿಲಲ್ಲಿ ನಿಂತು, "ಹೋಗ್ಲಿ ಬಿಡಕ್ಕ, ನೀನು ಮಾಡೋದು ಮಾಡಿದ್ಯಲ್ಲ" ಎಂದಳು. "ನಿನ್ನ ಕಣ್ಣಿಗೆ ಹೊತ್ತಿಗೆ ಸರಿಯಾಗಿ ಔಷಧಿ ಹಾಕು ನೀನು" ಎಂದು ದೊಡ್ಡಮ್ಮ ಒಳಗಿನಿಂದ ಗದರಿದಳು.

ಡಿಪೋದವರು ಮೇಸ್ತ್ರಿಯನ್ನು ಎಂಜಿನ್ ವಿಭಾಗದಿಂದ ತೆಗೆದು ಬ್ರೇಕಿನ ಕೆಲಸಕ್ಕೆ ಹಾಕಿದರು. ಅಲ್ಲಿ ಕಣ್ಣು, ಬೆರಳು ಇದ್ದರೆ ಸಾಕು. ಮೊದಲ ತಿಂಗಳು ಯಾರ ಜೊತೆಯೂ ಮಾತಾಡಲಿಲ್ಲವಂತೆ. ಆಮೇಲೆ ಬಾಯಿ ಬಂತು, ಮೊದಲಿಗಿಂತ ಜೋರಾಗಿ. "ಈಗ ನಮ್ಮ ಮನೆ ಜಗಳ ಇಡೀ ಬೀದಿಗೆ ಗೊತ್ತು ಸಿಸ್ಟರ್. ಪಿಸುಮಾತಲ್ಲಿ ಬೈದ್ರೆ ಅವರಿಗೆ ಕೇಳ್ಸಲ್ಲ, ಜೋರಾಗಿ ಬೈದ್ರೆ ಪಕ್ಕದ ಮನೆಯವರು ಉತ್ತರ ಕೊಡ್ತಾರೆ" ಎಂದು ಹೆಂಡತಿ ಹೇಳಿಕೊಂಡು ನಕ್ಕಳು. ಕಾಲು ತೋರಿಸಲು ಬಂದಾಗಲೆಲ್ಲ ಇಬ್ಬರೂ ಮೂರನೇ ಮಹಡಿಗೆ ಹತ್ತಿ ಬರುತ್ತಿದ್ದರು.

ಒಂದು ಸಲ ದೊಡ್ಡಮ್ಮನೇ ಕೇಳಿದಳಂತೆ, ಕಳೆದುಹೋದದ್ದರಲ್ಲಿ ಯಾವ ಸದ್ದು ಬೇಕು ಅನ್ನಿಸುತ್ತದೆ ಎಂದು. ಎಂಜಿನ್ನು ಅನ್ನುತ್ತಾನೆ ಎಂದುಕೊಂಡಿದ್ದಳು. ಮೇಸ್ತ್ರಿ, "ಮೊಮ್ಮಗಳು ಫೋನಲ್ಲಿ ಮಾತಾಡೋದು. ಪಕ್ಕ ಕೂತ್ರೆ ಕೇಳ್ಸುತ್ತೆ, ಫೋನಲ್ಲಿ ಆಗಲ್ಲ. ಅವಳು ತಾತ ತಾತ ಅಂತಿರ್ತಾಳಂತೆ, ನಾನು ಸುಮ್ನೆ ಹೂಂ ಹೂಂ ಅಂತೀನಿ" ಎಂದನು.

ದೊಡ್ಡಮ್ಮ ಒಂದು ಚೀಟಿಯಲ್ಲಿ ಕಿವಿ ಯಂತ್ರ ಅಳತೆ ಮಾಡಿ ಕೊಡುವ ಕೋಣೆಯ ನಂಬರು, ವಾರ, ಸಮಯ ಬರೆದು ಅವನ ಜೇಬಿಗೆ ಹಾಕಿದಳು. "ಬುಧವಾರ ಬೆಳಿಗ್ಗೆ ಹತ್ತಕ್ಕೆ. ತಪ್ಪಿಸಬೇಡಿ" ಎಂದು, ಅವನ ಮುಖಕ್ಕೆ ಮುಖ ಕೊಟ್ಟು, ಎರಡು ಸಲ ಹೇಳಿದಳು.